ಚಿತ್ರದುರ್ಗದ ಪತನವೂ ದ್ರೋಹವಾದವೂ

ಚಿತ್ರದುರ್ಗದ ಪಾಳೆಯಗಾರರ ಇತಿಹಾಸವನ್ನು ಕುರಿತು ಆಂಗ್ಲದಲ್ಲಿಯೂ ಕನ್ನಡದಲ್ಲಿಯೂ ಬಂದಿರುವ ಬರೆವಣಿಗೆಗಳು ಎಷ್ಟೇ ಭಿನ್ನವಾಗಿರಲಿ, ಒಂದು ವಿಷಯದಲ್ಲಿ ಅವುಗಳಿಗೆ ಬಹುಮಟ್ಟಿಗೆ ಐಕಮತ್ಯವಿದೆ. 1779ರಲ್ಲಿ ದುರ್ಗವು ಹೈದರಲಿಯ ಕೈವಶವಾದುದು ನಾಯಕನ ಸೇವೆಯಲ್ಲಿದ್ದ ಮುಸಲ್ಮಾನ ಸರದಾರರ ದ್ರೋಹದಿಂದ ಎಂಬುದೇ ಆ ವಿಷಯ. ಕರ್ನಲ್ ಮಾರ್ಕ್ ವಿಲ್ಕ್ಸನು 1810ರಲ್ಲಿಯೂ 1817ರಲ್ಲಿಯೂ ಮೂರು ಸಂಪುಟಗಳಾಗಿ ಪ್ರಕಟಿಸಿದ ತನ್ನ ದಕ್ಷಿಣ ಹಿಂದೂಸ್ಥಾನದ ಚರಿತ್ರೆಯಲ್ಲಿ ಹೇಳಿದ ಮಾತನ್ನು ಲೂಯಿ ರೈಸನು ಮೈಸೂರು ಗ್ಯಾಸೆಟಿಯರಿನಲ್ಲಿ ಒಂದು ವಾಕ್ಯಕ್ಕೆ ಇಳಿಸಿದನು. ಆ ಒಂದು ವಾಕ್ಯವು ಅನಂತರ ಪಾಠಪುಸ್ತಕಗಳಿಗೂ ಯಾತ್ರಿಕರಿಗೆ ಕೋಟೆಯನ್ನು ತೋರಿಸುವವರ ಬಾಯಿಗೂ ಇಳಿದು, ಪ್ರಮಾಣಾಂತರವನ್ನು ಅಪೇಕ್ಷಿಸದ ಸಿದ್ಧಾಂತವಾಗಿ ನಿಂತಿದೆ.

ದ್ರೋಹವು ನಡೆಯಲೇ ಇಲ್ಲವೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಆದರೆ ತಾರ್ಕಿಕರು ಕಾರಣಗಳಲ್ಲಿ ಸಮವಾಯಿಕಾರಣವೆಂದೂ ನಿಮಿತ್ತಕಾರಣವೆಂದೂ ಮಾಡುವ ಭೇದವನ್ನು ಇತಿಹಾಸಕಾರನೂ ಮರೆಯಲಾಗದು. ಗಡಿಗೆಯು ಒಡೆದಾಗ ಕೋಲಿನ ಪೆಟ್ಟನ್ನು ಮಾತ್ರ ಹೇಳಿ, ಮಣ್ಣು ಎಂಥದು, ಆವಿಗೆಯಲ್ಲಿ ಎಷ್ಟು ಬೆಂದಿತ್ತು ಎಂಬುದನ್ನು ಕೇಳದವನು ಅರ್ಧವನ್ನು ಮಾತ್ರ ಹೇಳಿದವನಾಗುತ್ತಾನೆ. ಸುಮಾರು ಇನ್ನೂರು ವರ್ಷ ಬಾಳಿದ ಒಂದು ರಾಜ್ಯವು ಯಾವ ಮಣ್ಣಿನಿಂದ ಆದುದು, ಯುದ್ಧವೂ ರಾಜನೀತಿಯೂ ಅದನ್ನು ಯಾವ ಆಕಾರಕ್ಕೆ ತಂದವು ಎಂಬ ವಿಚಾರವನ್ನು ಬಿಟ್ಟು ಅದರ ಕೊನೆಯ ದಿನದ ಪೆಟ್ಟನ್ನೇ ಹಿಡಿದು ಕುಳಿತಿರುವುದು ದುರ್ಗದ ಚರಿತ್ರಕಾರರ ಮುಖ್ಯ ದೋಷ. ಆ ಪೆಟ್ಟನ್ನು ಒಂದು ಮತದವರ ಹೆಸರಿಗೆ ಬರೆದಿಟ್ಟಿರುವುದು ಅದಕ್ಕಿಂತ ಭಾರವಾದ ದೋಷ.

ಮೊದಲು ಆಧಾರಗಳ ಸ್ವಭಾವವನ್ನು ನೋಡಬೇಕು. ವಿಲ್ಕ್ಸನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು; ಗೆದ್ದ ಪಕ್ಷದವರ ಕಾಗದಪತ್ರಗಳೂ ಬಾಯಿಮಾತುಗಳೂ ಅವನಿಗೆ ದೊರೆತವು. ಹೈದರನ ಅಂತರಂಗವನ್ನು ಬಲ್ಲವರ ಮಾತು ಅವನಲ್ಲಿ ಧಾರಾಳವಾಗಿದೆ. ದುರ್ಗದ ಅರಮನೆಯ ಅಂತರಂಗವನ್ನು ಬಲ್ಲವರ ಮಾತು ಕಡಿಮೆ. ಇದಕ್ಕೆ ಪ್ರತಿಯಾಗಿ ನಿಲ್ಲಬೇಕಾದವು ಕಾಲಿನ್ ಮೆಕೆಂಜಿಯು 1799ರ ತರುವಾಯ ಮೈಸೂರು ಸೀಮೆಯ ಮೋಜಣಿಯ ಕಾಲದಲ್ಲಿ ಬರೆಯಿಸಿ ಕೂಡಿಸಿದ ಕೈಫಿಯತ್ತುಗಳು, 1994ರಲ್ಲಿ ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದ ಕರ್ನಾಟಕದ ಕೈಫಿಯತ್ತುಗಳಿಂದ ಈ ಬಗೆಯ ಸಾಮಗ್ರಿಯು ವಿದ್ವಾಂಸರ ಕೈಗೆ ಸುಲಭವಾಗಿ ಎಟುಕುವಂತಾಯಿತು. ಇವುಗಳ ಗುಣವೂ ದೋಷವೂ ಒಂದೇ ಮೂಲದಿಂದ ಹುಟ್ಟಿವೆ. ಬರೆದವರು ಸ್ಥಳದ ಶಾನುಭೋಗರು, ಕರಣಿಕರು. ಅವರಿಗೆ ಬೇಕಾದುದು ತಮ್ಮ ಉಂಬಳಿ, ಮಾನ್ಯ, ಮಿರಾಶಿಗಳ ಪೂರ್ವೋತ್ತರ. ಆದುದರಿಂದ ಯಾರು ಯಾವ ಊರನ್ನು ಯಾರಿಗೆ ಕೊಟ್ಟರೆಂಬ ಸಂಗತಿಯಲ್ಲಿ ಅವರು ನಂಬಿಕೆಗೆ ಅರ್ಹರು. ಯುದ್ಧದ ವರ್ಣನೆಯಲ್ಲಿ ಅಷ್ಟು ಅಲ್ಲ. ಚರಿತ್ರಕಾರರಾದರೋ ಈ ಕ್ರಮವನ್ನು ತಲೆಕೆಳಗು ಮಾಡಿ, ಯುದ್ಧದ ವರ್ಣನೆಗಳನ್ನು ಆಯ್ದುಕೊಂಡು ದಾನದ ಸಂಗತಿಗಳನ್ನು ಅಡಿಟಿಪ್ಪಣಿಗೆ ತಳ್ಳಿದ್ದಾರೆ.

ಮೂಲಪುರುಷನಾದ ಮತ್ತಿ ತಿಮ್ಮಣ್ಣನಾಯಕನ ಕಥೆಯನ್ನೇ ತೆಗೆದುಕೊಳ್ಳಬಹುದು. ತನ್ನನ್ನು ದಂಡಿಸಲು ಬಂದ ವಿಜಯನಗರದ ದಂಡಿನ ಬೀಡಾರಕ್ಕೆ ರಾತ್ರಿಯಲ್ಲಿ ನುಗ್ಗಿ ಕುದುರೆಯನ್ನು ಬಿಚ್ಚುತ್ತಿದ್ದಾಗ ಗೋಪಾಳಿಯವನು ಎಚ್ಚರಗೊಂಡನಂತೆ. ಕಸದಲ್ಲಿ ಅಡಗಿದ್ದ ನಾಯಕನ ಕೈಯ ಮೇಲೆಯೇ ಅವನು ತಿಳಿಯದೆ ಗೂಟವನ್ನು ಹೊಡೆದನಂತೆ. ಸದ್ದು ಮಾಡದೆ ಸಹಿಸಿದ್ದ ತಿಮ್ಮಣ್ಣನು ಎಲ್ಲರೂ ಮಲಗಿದ ಮೇಲೆ ಆ ಕೈಯನ್ನು ತಾನೇ ಕಡಿದುಕೊಂಡು ಕುದುರೆಯೊಡನೆ ಹೊರಟುಹೋದನಂತೆ. ಗ್ಯಾಸೆಟಿಯರು ಇದನ್ನು ಸಾಹಸದ ಉದಾಹರಣೆಯಾಗಿ ಹೇಳಿ ಮುಂದೆ ಸಾಗುತ್ತದೆ. ಕಥೆಯು ನಡೆದುದೋ ಇಲ್ಲವೋ, ಅದನ್ನು ಹೇಳುತ್ತ ಬಂದವರ ಅಭಿಪ್ರಾಯವು ಇಲ್ಲಿ ಮುಖ್ಯ. ಯಾವ ಅರಸನ ಬೀಡಾರದಿಂದ ಕುದುರೆಯನ್ನು ಕದ್ದನೋ ಆ ಅರಸನ ಸೇವೆಗೇ ತಿಮ್ಮಣ್ಣನು ಸೇರಿ ಮರ್ಯಾದೆಯನ್ನು ಪಡೆದನು. ಕೊನೆಗೆ ಅದೇ ವಿಜಯನಗರದ ಸೆರೆಯಲ್ಲಿ ಸತ್ತನೆಂದೂ ಗ್ಯಾಸೆಟಿಯರು ಹೇಳುತ್ತದೆ. ಲೂಟಿಗೂ ಸ್ವಾಮಿಸೇವೆಗೂ ನಡುವೆ ಇದ್ದ ಗೆರೆಯು ಎಷ್ಟು ತೆಳುವಾದುದೆಂಬುದನ್ನು ಈ ಕಥೆಯು ಸಂಕೋಚವಿಲ್ಲದೆ ಹೇಳುತ್ತಿದೆ. ದುರ್ಗದ ರಾಜ್ಯವು ಹುಟ್ಟಿದುದು ಆ ಗೆರೆಯ ಮೇಲೆ.

ತಿಮ್ಮಣ್ಣನಿಗೆ ಮೊದಲು ದೊರೆತುದು ಹೊಳಲ್ಕೆರೆಯ ನಾಯಕತನ, ಆಮೇಲೆ ಹಿರಿಯೂರು, ಅದಾದ ಮೇಲೆ ಚಿತ್ರದುರ್ಗ. ಬೆಟ್ಟವು ಕೊನೆಯಲ್ಲಿ ಬಂದಿತು, ಬಯಲು ಮೊದಲು ಬಂದಿತು ಎಂಬ ಈ ಅನುಕ್ರಮವನ್ನು ಯಾರೂ ಗಮನಿಸಿದಂತೆ ಕಾಣುವುದಿಲ್ಲ. ಕೌಟಿಲ್ಯನು ಎಣಿಸುವ ರಾಜ್ಯದ ಏಳು ಅಂಗಗಳಲ್ಲಿ ಸ್ವಾಮಿ, ಅಮಾತ್ಯ, ಜನಪದಗಳಾದ ಮೇಲೆ ದುರ್ಗವು ನಾಲ್ಕನೆಯದು. ಕೋಶ, ದಂಡ, ಮಿತ್ರಗಳು ಅದರ ಅನಂತರ ಬರುತ್ತವೆ. ಏಳು ಸುತ್ತಿನ ಕೋಟೆಯೆಂದು ನಾಡೆಲ್ಲ ಹಾಡಿದುದರಿಂದ ನಾಲ್ಕನೆಯ ಅಂಗವೊಂದೇ ಕಣ್ಣಿಗೆ ಬಿದ್ದು ಉಳಿದ ಆರೂ ಮರೆಯಾದವು.

1565ರಲ್ಲಿ ವಿಜಯನಗರವು ಬಿದ್ದ ಮೇಲೆ ತಿಮ್ಮಣ್ಣನ ಮಗ ಓಬಣ್ಣನು, ಮದಕರಿನಾಯಕನೆಂಬ ಹೆಸರಿನಿಂದ, ಹೆಸರಿಗೆ ಮಾತ್ರ ಅಧೀನನಾಗಿ ವಾಸ್ತವದಲ್ಲಿ ಸ್ವತಂತ್ರನಾದನು. ಸನ್ನದು ಕೊಟ್ಟ ಸಾಮ್ರಾಜ್ಯವೇ ಇಲ್ಲವಾದಾಗ ಸನ್ನದಿನ ಬಲದಿಂದ ಆಳುತ್ತಿದ್ದವನ ಅಧಿಕಾರಕ್ಕೆ ಏನು ಆಧಾರ? ಬಸವಾಪಟ್ಟಣ, ಹರಪನಹಳ್ಳಿ, ರಾಯದುರ್ಗ, ಬಿದನೂರು ಮೊದಲಾದ ಎಲ್ಲ ಪಾಳೆಯಪಟ್ಟುಗಳೂ ಈ ಪ್ರಶ್ನೆಯನ್ನು ಎದುರಿಸಿದವು. ಕತ್ತಿಯೇ ಆಧಾರವೆಂಬುದು ಅವರೆಲ್ಲರ ಉತ್ತರ. ಹೀಗಾಗಿ ಇವರ ಯುದ್ಧಗಳನ್ನು ಕೇವಲ ದುರಾಶೆಯ ಫಲವೆಂದು ಹೇಳುವುದು ಸರಿಯಲ್ಲ. ಯುದ್ಧವನ್ನು ನಿಲ್ಲಿಸಿದ ನಾಯಕನಿಗೆ ತಾನು ಏಕೆ ನಾಯಕನೆಂದು ಹೇಳಲು ಬೇರೆ ಪತ್ರವಿರಲಿಲ್ಲ.

1602ರಲ್ಲಿ ಪಟ್ಟಕ್ಕೆ ಬಂದ ಕಸ್ತೂರಿರಂಗಪ್ಪನಾಯಕನು 1652ರಲ್ಲಿ ತೀರಿಕೊಂಡಾಗ ಸೀಮೆಯ ಹುಟ್ಟುವಳಿ 65,000 ದುರ್ಗಿ ವರಹಗಳೆಂದು ಗ್ಯಾಸೆಟಿಯರಿನ ಲೆಕ್ಕ. ಈ ಸೀಮೆಯ ಭೂಗೋಳವನ್ನು ನೋಡಿದರೆ ರಾಜ್ಯವು ಬೆಳೆದ ರೀತಿಯು ತಿಳಿಯುತ್ತದೆ. ಹೊಳಲ್ಕೆರೆಯು ಪಶ್ಚಿಮಕ್ಕೆ ಬಸವಾಪಟ್ಟಣದ ಕಡೆಯ ಮುಖ. ವೇದಾವತಿಯ ದಡದ ಹಿರಿಯೂರು ಆಗ್ನೇಯಕ್ಕೆ ಶಿರಾದ ಕಡೆಯ ಬಾಗಿಲು, 1687ರಲ್ಲಿ ಮೊಗಲರು ಶಿರಾವನ್ನು ಸುಭೆಯ ರಾಜಧಾನಿಯಾಗಿ ಮಾಡಿದ ಮೇಲಂತೂ ಬಹಳ ಬಿಸಿಯಾದ ಬಾಗಿಲು. ದಕ್ಷಿಣಕ್ಕೆ ಬಾಗೂರಿನ ಎದುರಾಗಿ ಹೊಸದುರ್ಗ. ಇಂದು ತಾಲ್ಲೂಕುಗಳ ಕಸಬೆಗಳಾಗಿರುವ ಈ ಮೂರು ಊರುಗಳೂ ಅಂದಿನ ಮೂರು ರಣಮುಖಗಳು. ಒಂದೊಂದು ಮುಖಕ್ಕೂ ಒಂದು ಠಾಣ್ಯ, ಠಾಣ್ಯಕ್ಕೆ ಒಬ್ಬ ಸರದಾರ, ಸರದಾರನಿಗೆ ಉಂಬಳಿ. ಯುದ್ಧವು ಸೀಮೆಯನ್ನು ಹೆಚ್ಚಿಸಿದಷ್ಟೂ ಸೀಮೆಯನ್ನು ಹಂಚಿಕೊಳ್ಳುವವರನ್ನೂ ಹೆಚ್ಚಿಸಿತು.

ಹೊಸದುರ್ಗದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅದರ ಗಿರಿದುರ್ಗವನ್ನು 1675ರಲ್ಲಿ ಚಿಕ್ಕಣ್ಣನಾಯಕನು ಒಬ್ಬ ಜಂಗಮರ ನಿರ್ದೇಶದಂತೆ, ಆಗ ಮುಸಲ್ಮಾನರ ವಶದಲ್ಲಿದ್ದ ಬಾಗೂರಿನ ಮೇಲೆ ಕಾರ್ಯ ನಡೆಸುವುದಕ್ಕಾಗಿ ಕಟ್ಟಿಸಿದನೆಂದು ಗ್ಯಾಸೆಟಿಯರು ಹೇಳುತ್ತದೆ. ಪಟ್ಟಾವಳಿಗಳಲ್ಲಿ ಚಿಕ್ಕಣ್ಣನ ಪಟ್ಟಾಭಿಷೇಕಕ್ಕೆ ಸಾಮಾನ್ಯವಾಗಿ ಕೊಡುವ ವರ್ಷ 1676. ಎರಡೂ ಸರಿಯಾಗಿದ್ದರೆ, ಪಟ್ಟಕ್ಕೆ ಬರುವ ಮುಂಚೆಯೇ ಅರಸನ ತಮ್ಮನು ಕೋಟೆಯನ್ನು ಕಟ್ಟಿಸಿ ದಂಡನ್ನು ನಡೆಸುತ್ತಿದ್ದನೆಂದಾಗುತ್ತದೆ; ಒಂದು ತಪ್ಪಾಗಿದ್ದರೆ, ತಪ್ಪಿಗೆ ಅವಕಾಶವಾದ ವರ್ಷವೇ ರಾಜ್ಯದಲ್ಲಿ ಅರಸನು ಯಾರೆಂಬುದು ನಿಶ್ಚಯವಿಲ್ಲದಿದ್ದ ವರ್ಷ. ಹೇಗೆ ನೋಡಿದರೂ ಒಂದು ಮಾತು ಸ್ಪಷ್ಟವಾಗುತ್ತದೆ: ಗದ್ದುಗೆಯು ಅಲುಗಾಡುತ್ತಿದ್ದಾಗಲೂ ದಂಡು ನಡೆಯುತ್ತಿತ್ತು, ಮಠದ ಮಾತೂ ನಡೆಯುತ್ತಿತ್ತು. ದಂಡಿಗೆ ಗದ್ದುಗೆಯ ಅವಶ್ಯಕತೆಯು ಅಷ್ಟಾಗಿ ಇರಲಿಲ್ಲ.

ಅದೇ ಕಾಲದಲ್ಲಿ ಅರಮನೆಯಲ್ಲಿ ನಡೆದುದು ಪ್ರಸಿದ್ಧವಾಗಿದೆ. ಸಂತಾನವಿಲ್ಲದೆ ತೀರಿಕೊಂಡ ಮದಕರಿನಾಯಕನ ತರುವಾಯ ಪಟ್ಟವೇರಿದ ದತ್ತಪುತ್ರನನ್ನು ಕೆಲವೇ ತಿಂಗಳಲ್ಲಿ ದಳವಾಯಿಗಳು ಕೊಂದರು. ಚಿಕ್ಕಣ್ಣನ ಕಾಲವಾದ ಮೇಲೆ 1686ರಲ್ಲಿ ಬಂದ ಇನ್ನೊಬ್ಬ ಮದಕರಿಯನ್ನೂ ಅವರು ಒಪ್ಪಲಿಲ್ಲ. 1689ರಲ್ಲಿ ದೂರದ ಬಂಧುವಾದ ಭರಮಣ್ಣನಾಯಕನು ಬಂದು ನೆಲೆಯೂರುವವರೆಗೆ ಗದ್ದುಗೆಯು ದಂಡಿನ ಕೈಯ ಚೆಂಡಾಗಿತ್ತು. ಈ ಹದಿನೈದು ವರ್ಷಗಳನ್ನು ವಿಲ್ಕ್ಸನಾಗಲಿ ರೈಸನಾಗಲಿ ಬೇಗಬೇಗನೆ ದಾಟಿಹೋಗುತ್ತಾರೆ. ಹೊರಗಿನ ಶತ್ರುವಿಲ್ಲದ ರಕ್ತಪಾತವು ಅವರಿಗೆ ಇತಿಹಾಸವಾಗಿ ತೋರಲಿಲ್ಲವೇನೋ. ಇದರ ತೂಕವನ್ನು ಕಂಡವರು ಇತಿಹಾಸಕಾರರಲ್ಲ, ಕಾದಂಬರಿಕಾರರಾದ ತ. ರಾ. ಸುಬ್ಬರಾಯರು. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಎಂಬ ಅವರ ಮೂರು ಕಾದಂಬರಿಗಳ ವಸ್ತುವೇ ದಳವಾಯಿಯ ಆಧಿಪತ್ಯ. ಅರಸನನ್ನು ಮಾಡಬಲ್ಲವನಿಗೆ ಅರಸನನ್ನು ಉಳಿಸುವ ಹೊಣೆಯೇನೂ ಇಲ್ಲವೆಂಬ ಭಯಂಕರವಾದ ಸತ್ಯವನ್ನು ಅವರು ಪಾತ್ರಗಳ ಮೂಲಕ ತೋರಿಸಿದ್ದಾರೆ. ಕಲ್ಪನೆಯ ಭಾಗವು ಎಷ್ಟೇ ಇರಲಿ, ಈ ವಿಷಯದಲ್ಲಿ ಅವರ ದೃಷ್ಟಿಯು ಗ್ಯಾಸೆಟಿಯರಿಗಿಂತ ಮೇಲು. ಹೊರಗಿನ ಕೋಪಕ್ಕಿಂತ ಒಳಗಿನ ಕೋಪವು ಹೆಚ್ಚು ಕೆಟ್ಟದ್ದೆಂದೂ ಅದು ಮನೆಯೊಳಗಿನ ಹಾವಿನ ಭಯದಂತೆಂದೂ ಕೌಟಿಲ್ಯನು ಹೇಳುವಲ್ಲಿ ಅಮಾತ್ಯ ಸೇನಾಪತಿಗಳ ಪ್ರಸಂಗವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ.

ಯುದ್ಧದಿಂದ ಹುಟ್ಟಿದ ಹೊಸ ರಾಜ್ಯಕ್ಕೆ ಈ ಹಾವಿನ ಭಯವು ದೇಶಾತೀತವಾದುದು. ಚಿತ್ರದುರ್ಗವು ಬಿದ್ದ ವರ್ಷವೇ ಅಮೆರಿಕದ ಹದಿಮೂರು ಸಂಸ್ಥಾನಗಳು ಇಂಗ್ಲೆಂಡಿನ ಮೇಲೆ ಹೋರಾಡುತ್ತಿದ್ದವು; 1778ರಲ್ಲಿ ಫ್ರೆಂಚರು ಅವರ ಪಕ್ಷವನ್ನು ಹಿಡಿದುದರಿಂದಲೇ ಇಂಗ್ಲಿಷರು 1779ರಲ್ಲಿ ಮಾಹೆಯನ್ನು ಹಿಡಿದು ಹೈದರನನ್ನು ಕೆಣಕಿದರು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಇಂಗ್ಲಿಷರ ಹಡಗೊಂದನ್ನು ಸೋಲಿಸಿದ ಪೆನ್ಸಿಲ್ವೇನಿಯದ ನೌಕೆಗೆ ಹೈದರಲಿಯ ಹೆಸರನ್ನೇ ಇಟ್ಟಿದ್ದರೆಂಬುದು ಕುತೂಹಲಕರವಾದ ಸಂಗತಿ. ಅಲ್ಲಿಯೂ ಯುದ್ಧದ ಕೊನೆಯಲ್ಲಿ ಸಂಬಳ ಕಾಣದ ಸೈನ್ಯಾಧಿಕಾರಿಗಳು 1783ರ ಮಾರ್ಚಿಯಲ್ಲಿ ನ್ಯೂಬರ್ಗಿನಲ್ಲಿ ಅಸಮಾಧಾನದಿಂದ ಕುದಿಯುತ್ತಿದ್ದರು. ಅವರನ್ನು ಶಾಂತಗೊಳಿಸಿದ ವಾಷಿಂಗ್ಟನ್ನನು ಅದೇ ವರ್ಷದ ಡಿಸೆಂಬರಿನಲ್ಲಿ ತನ್ನ ಸೇನಾಧಿಪತ್ಯದ ಸನ್ನದನ್ನು ಕಾಂಗ್ರೆಸ್ ಸಭೆಗೆ ಹಿಂದಿರುಗಿಸಿ ಮನೆಗೆ ಹೋದನು. 1787ರ ರಾಜ್ಯಾಂಗದಲ್ಲಿ ಸೈನ್ಯದ ವೆಚ್ಚಕ್ಕೆ ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಹಣವನ್ನು ಮಂಜೂರು ಮಾಡಕೂಡದೆಂದು ಬರೆದರು. ಗುಲಾಮರನ್ನು ಗುಲಾಮರಾಗಿಯೇ ಇಟ್ಟುಕೊಂಡು ಮೂಲನಿವಾಸಿಗಳ ನೆಲವನ್ನು ಕಿತ್ತುಕೊಂಡ ಆ ರಾಜ್ಯವನ್ನು ಧರ್ಮರಾಜ್ಯವೆನ್ನಲು ಯಾರೂ ಹೊರಡಬೇಕಾಗಿಲ್ಲ. ಆದರೆ ದಂಡು ಯಾರ ಮಾತನ್ನು ಕೇಳಬೇಕು, ಅದರ ಸಂಬಳ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಅವರು ಕಾಗದದ ಮೇಲೆ ತೀರ್ಮಾನಿಸಿದರು. ದುರ್ಗದಲ್ಲಿ ಅದು ಪ್ರತಿಯೊಬ್ಬ ಅರಸನ ಮರಣದಲ್ಲಿಯೂ ಹೊಸದಾಗಿ, ಕತ್ತಿಯಿಂದ, ತೀರ್ಮಾನವಾಗಬೇಕಾಗಿತ್ತು.

ಭರಮಣ್ಣನಾಯಕನು 1721ರವರೆಗೆ ಆಳಿದನು. ದೇವಾಲಯಗಳು, ಕೆರೆಗಳು, ಮುರುಘಾಮಠಕ್ಕೆ ಕೊಟ್ಟ ಆಶ್ರಯ ಇವುಗಳನ್ನು ಚರಿತ್ರಕಾರರು ಅವನ ಧರ್ಮಬುದ್ಧಿಗೆ ಸಾಕ್ಷಿಯಾಗಿ ಎಣಿಸುತ್ತಾರೆ. ಅದು ಸತ್ಯವಿರಬಹುದು. ಆದರೆ ದಳವಾಯಿಗಳ ಗಲಭೆಯಲ್ಲಿ ಮೇಲೆ ಬಂದವನು, ದಂಡಿನ ಹೊರಗೆ ತನಗೆ ಆಧಾರವಾಗುವ ಮಠ, ದೇವಸ್ಥಾನ, ರೈತ ಎಂಬ ಮೂರು ಬಲಗಳನ್ನು ಕಟ್ಟಿಕೊಂಡನೆಂಬ ಅರ್ಥವೂ ಅದರಲ್ಲಿ ಇದೆ. ದುರ್ಗದ ಅರಸರಲ್ಲಿ ಜನಪದವೆಂಬ ಅಂಗದ ಬೆಲೆಯನ್ನು ಚೆನ್ನಾಗಿ ತಿಳಿದವನು ಅವನೇ. ಮೂವತ್ತೆರಡು ವರ್ಷ ಆಳಿದುದು ಆಕಸ್ಮಿಕವಲ್ಲ.

ಅವನ ತರುವಾಯ ಬಂದ ಮದಕರಿನಾಯಕನು 1748ರಲ್ಲಿ ಮಾಯಕೊಂಡದ ರಣದಲ್ಲಿ ಬಿದ್ದನು. ದ್ರೋಹವಾದವನ್ನು ಪರೀಕ್ಷಿಸುವುದಕ್ಕೆ ಈ ಯುದ್ಧಕ್ಕಿಂತ ಉತ್ತಮವಾದ ನಿಕಷವಿಲ್ಲ. ದುರ್ಗದ ಎದುರಾಗಿ ನಿಂತವರು ಬಿದನೂರು, ಹರಪನಹಳ್ಳಿ, ರಾಯದುರ್ಗಗಳ ಅರಸರು, ಅವರೊಡನೆ ಸವಣೂರಿನ ನವಾಬ. ದುರ್ಗದ ಪಕ್ಷದಲ್ಲಿ ಹೋರಾಡಿದವನು ಚಂದಾಸಾಹೇಬ. ಲಿಂಗಾಯತ ಬಿದನೂರಿಗೂ ಸವಣೂರಿನ ಪಠಾಣನಿಗೂ ಒಂದೇ ಪಕ್ಷ. ಬೇಡ ನಾಯಕನಿಗೂ ಆರ್ಕಾಟಿನ ನವಾಯತನಿಗೂ ಇನ್ನೊಂದು ಪಕ್ಷ. ಕಸ್ತೂರಿರಂಗಪ್ಪನೆಂಬ ಮುಂದಿನ ಅರಸನು ಮಾಯಕೊಂಡವನ್ನು ಹಿಂದಕ್ಕೆ ಪಡೆದುದಲ್ಲದೆ ಶಿರಾದ ಸುಭೇದಾರನೊಡನೆ ಸ್ನೇಹದಿಂದ ಇದ್ದನು. ಮತಭೇದದಿಂದ ಪಕ್ಷಭೇದವನ್ನು ಊಹಿಸುವವರು ಈ ಪಟ್ಟಿಯನ್ನು ಯಾವ ಕೋಷ್ಠಕದಲ್ಲಿ ಬರೆಯುವರೋ ತಿಳಿಯದು.

1754ರಲ್ಲಿ ಜಾನಕಲ್ಲಿನಿಂದ ಬಂದು ಪಟ್ಟವೇರಿದ ಕಡೆಯ ಮದಕರಿನಾಯಕನ ಕಾಲಕ್ಕೆ ಸಣ್ಣ ಪಾಳೆಯಪಟ್ಟುಗಳ ಯುಗವು ಮುಗಿದಿತ್ತು. 1761ರಲ್ಲಿ ಬಸಾಲತ್ ಜಂಗನಿಂದ ಶಿರಾದ ನವಾಬಗಿರಿಯನ್ನು ಪಡೆದ ಹೈದರನು ಮರುವರ್ಷವೇ ದುರ್ಗವನ್ನು ಕಪ್ಪಕ್ಕಾಗಿ ಕೇಳಿ, ನಾಯಕನು ಹಿಂದೆಮುಂದೆ ನೋಡಿದಾಗ ಸೀಮೆಯನ್ನು ತುಳಿದು ದಂಡವನ್ನು ವಸೂಲು ಮಾಡಿದನು. 1763ರಲ್ಲಿ ಹೈದರನು ಬಿದನೂರಿನ ಮೇಲೆ ಹೋದಾಗ ಅಲ್ಲಿಯ ಗದ್ದುಗೆಗೆ ತಾನೇ ಹಕ್ಕುದಾರನೆಂದು ಹೇಳಿಕೊಂಡವನನ್ನು ಅವನ ಬಳಿಗೆ ತಂದುಬಿಟ್ಟವನು ದುರ್ಗದ ನಾಯಕನೇ ಎಂದು ವಿಲ್ಕ್ಸನ ಹೇಳಿಕೆ. ಮಾಯಕೊಂಡದ ಸೇಡು ತೀರಿತು; ಆದರೆ ದುರ್ಗಕ್ಕೂ ಹೈದರನಿಗೂ ಪಶ್ಚಿಮದಲ್ಲಿ ನಡುವೆ ಇದ್ದ ದೊಡ್ಡ ರಾಜ್ಯವು ಅಳಿಸಿಹೋಯಿತು. ಏಳನೆಯ ಅಂಗವಾದ ಮಿತ್ರನನ್ನು ನಾಯಕನು ತನ್ನ ಕೈಯಿಂದಲೇ ಕೆಡಿಸಿಕೊಂಡನು. ಕಾದಂಬರಿಗಳಲ್ಲಿಯೂ ಭಾಷಣಗಳಲ್ಲಿಯೂ ಈ ಸಂಗತಿಗೆ ದೊರೆತಿರುವ ಸ್ಥಳವು ಬಹಳ ಸಂಕುಚಿತವಾದುದು.

ಅನಂತರದ ಘಟ್ಟದಲ್ಲಿ ಹೈದರನು ದುರ್ಗವನ್ನು ಮುತ್ತಿ ತಿಂಗಳುಗಟ್ಟಲೆ ಕಾದು, ಕೊನೆಗೆ ನಾಯಕನು 13 ಲಕ್ಷ ವರಹಗಳನ್ನು ಕೊಡುವುದಾಗಿ ಒಪ್ಪಿದನೆಂದು ಗ್ಯಾಸೆಟಿಯರು ಹೇಳುತ್ತದೆ. 1652ರ ಹುಟ್ಟುವಳಿಯೊಡನೆ ಹೋಲಿಸಿದರೆ ಇದು ಅದರ ಇಪ್ಪತ್ತರಷ್ಟು. ಎರಡು ವರಹಗಳ ಬೆಲೆಯು ಒಂದೇ ಅಲ್ಲದಿರಬಹುದು, ನಡುವಿನ ಕಾಲದಲ್ಲಿ ಸೀಮೆಯೂ ಬೆಳೆದಿತ್ತು; ಆದರೂ ಕೋಶದ ಮೇಲೆ ಬಿದ್ದ ಭಾರವು ಎಷ್ಟೆಂಬುದನ್ನು ಊಹಿಸಲು ಇಷ್ಟು ಸಾಕು. ಅಷ್ಟರಲ್ಲಿ ಮರಾಠರ ದಂಡು ಬಂದಿತು. ಹೈದರನು ಕರೆದಾಗ ನಾಯಕನು ಗೆಲ್ಲುವವರು ಯಾರೆಂದು ತಿಳಿಯದೆ ಹೋಗದೆ ಉಳಿದನು. ಇದನ್ನು ಚಂಚಲಬುದ್ಧಿಯೆಂದು ವಿಲ್ಕ್ಸನ ಮಾರ್ಗದವರು ನಿಂದಿಸುತ್ತಾರೆ, ಸ್ವಾತಂತ್ರ್ಯಾಭಿಮಾನವೆಂದು ಕನ್ನಡದ ಅಭಿಮಾನಿಗಳು ಹೊಗಳುತ್ತಾರೆ. ಎರಡೂ ಅಲ್ಲ. ನೀತಿಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ: ಒಬ್ಬನೊಡನೆ ಸಂಧಿ, ಇನ್ನೊಬ್ಬನೊಡನೆ ವಿಗ್ರಹವೆಂಬ ದ್ವೈಧೀಭಾವ. ಎರಡು ಪ್ರಬಲಶಕ್ತಿಗಳ ನಡುವೆ ಸಿಕ್ಕಿದ ಎಲ್ಲ ನಾಯಕರೂ ಇನ್ನೂರು ವರ್ಷ ಇದನ್ನೇ ಮಾಡಿ ಬದುಕಿದರು. ತಿಮ್ಮಣ್ಣನ ಕುದುರೆಯ ಕಥೆಯು ಇದರ ಆದಿಕಾವ್ಯ. ಆದರೆ ಈ ನೀತಿಯು ಫಲಿಸಬೇಕಾದರೆ ಎರಡು ಪಕ್ಷಗಳೂ ಸಮಬಲವಾಗಿ ಉಳಿದಿರಬೇಕು. ಮರಾಠರು ಹಿಂದಿರುಗಿದರು. ಹೈದರನು ಮತ್ತೆ ಬಂದಾಗ ಯಾವ ಕರಾರಿಗೂ ಒಪ್ಪಲಿಲ್ಲ.

ಇನ್ನು ದ್ರೋಹದ ಮಾತು. ಮುತ್ತಿಗೆಯ ಕಾಲದ ಬೇಡಪಡೆಯನ್ನು ವಿಲ್ಕ್ಸನು ವರ್ಣಿಸಿರುವುದು ಅವನ ಗ್ರಂಥದ ಜೀವಂತವಾದ ಭಾಗಗಳಲ್ಲಿ ಒಂದು. ಸೋಮವಾರಗಳಲ್ಲಿ ದೇವಿಯ ಪೂಜೆಯನ್ನು ಮುಗಿಸಿ, ಕಹಳೆಯನ್ನು ಊದಿ, ಕೋಟೆಯಿಂದ ಧುಮುಕಿ ಶತ್ರುಗಳ ತಲೆಗಳನ್ನು ತಂದು ದೇವಿಗೆ ಒಪ್ಪಿಸುತ್ತಿದ್ದರಂತೆ; ಬರುವ ದಿನವು ಹೈದರನ ದಂಡಿಗೆ ತಿಳಿದಿದ್ದರೂ ಬರುವ ದಿಕ್ಕು ತಿಳಿಯುತ್ತಿರಲಿಲ್ಲವಂತೆ. ಇವರು ಶಾಸ್ತ್ರಕಾರರು ಹೇಳುವ ಮೌಲಬಲ, ವಂಶಪರಂಪರೆಯಾಗಿ ನೆಲಕ್ಕೂ ಒಡೆಯನಿಗೂ ಅಂಟಿದವರು. ಮುಸಲ್ಮಾನ ಸರದಾರರು ಭೃತಬಲ, ಸಂಬಳಕ್ಕೆ ಬಂದವರು. ಭೃತಬಲದ ನಿಷ್ಠೆಯು ಸಂಬಳವಿರುವವರೆಗೆ ಎಂಬುದು ಎಲ್ಲ ದೇಶದ ಎಲ್ಲ ಮತದ ಕೂಲಿದಂಡುಗಳಿಗೂ ಸಾಮಾನ್ಯವಾದ ಧರ್ಮ. ಹೈದರನ ಕೈಕೆಳಗಿದ್ದ ಹಿಂದೂ ಸರದಾರರೂ ಮರಾಠರ ಕೈಕೆಳಗಿದ್ದ ಅರಬರೂ ಇದಕ್ಕೆ ಹೊರಗಲ್ಲ. 13 ಲಕ್ಷದ ಕರಾರಿಗೆ ಒಳಗಾದ ಕೋಶದಿಂದ, ಎರಡನೆಯ ಮುತ್ತಿಗೆಯ ನಡುವೆ, ಸಂಬಳಗಾರರಿಗೆ ಏನು ಸಿಗುತ್ತಿದ್ದಿತೆಂಬ ಪ್ರಶ್ನೆಯನ್ನು ಚರಿತ್ರಕಾರರು ಕೇಳಲಿಲ್ಲ. ಅವರ ಮತ ಯಾವುದೆಂದು ಮಾತ್ರ ಕೇಳಿದರು. ನೂರು ವರ್ಷಗಳ ಹಿಂದೆ ತಮ್ಮ ಅರಸನನ್ನೇ ಕೊಂದ ದಳವಾಯಿಗಳು ಸ್ವಜನರೇ ಆಗಿದ್ದರು. ಆಗ ಅದಕ್ಕೆ ಅರಮನೆಯ ಕಲಹವೆಂಬ ಹೆಸರು, 1779ರಲ್ಲಿ ಮಾತ್ರ ಮತದ್ರೋಹವೆಂಬ ಹೆಸರು! ಒಂದೇ ರೋಗಕ್ಕೆ ರೋಗಿಯ ಕುಲವನ್ನು ನೋಡಿ ಬೇರೆಬೇರೆ ಹೆಸರನ್ನು ಇಡುವುದು ವೈದ್ಯವಲ್ಲ.

1982ರಲ್ಲಿ ಪ್ರಕಟವಾಗಿ, ಕರ್ತೃವಿನ ಮರಣಾನಂತರ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ದುರ್ಗಾಸ್ತಮಾನದ ವಿಷಯದಲ್ಲಿ ಎರಡು ಮಾತು ಅವಶ್ಯಕ. ತ. ರಾ. ಸು. ಅವರ ಪ್ರತಿಭೆಯ ಪರಿಪಾಕವು ಆ ಗ್ರಂಥದಲ್ಲಿದೆ. ಕಡೆಯ ನಾಯಕನನ್ನು ಗ್ಯಾಸೆಟಿಯರಿನ ಒಂದು ಪಂಕ್ತಿಯಿಂದ ಎತ್ತಿ ಮನುಷ್ಯನನ್ನಾಗಿ ನಿಲ್ಲಿಸಿದ ಕೀರ್ತಿಯು ಅವರದು. ಆದರೆ ಮೊದಲಿನ ಮೂರು ಕಾದಂಬರಿಗಳಲ್ಲಿ ರಾಜ್ಯದ ಒಳಗಿನ ಬಿರುಕನ್ನು ಅಷ್ಟು ನಿರ್ದಯವಾಗಿ ಕಂಡವರು ಇಲ್ಲಿ ಅಸ್ತಮಾನವೆಂಬ ರೂಪಕಕ್ಕೆ ಒಲಿದರು. ಸೂರ್ಯನು ಮುಳುಗುವುದಕ್ಕೆ ಯಾರ ನೀತಿಯೂ ಕಾರಣವಲ್ಲ; ಅದಕ್ಕಾಗಿ ಶೋಕಿಸಬಹುದೇ ಹೊರತು ವಿಚಾರಿಸುವಂತಿಲ್ಲ. ಓದುಗರು ಆ ಶೋಕವನ್ನು ಬಹಳ ಪ್ರೀತಿಯಿಂದ ಸ್ವೀಕರಿಸಿದ್ದರಿಂದ ವಿಚಾರವು ಇನ್ನೂ ಹಿಂದೆ ಬಿದ್ದಿತು. ಇದು ಕಾದಂಬರಿಯ ತಪ್ಪೆನ್ನುವುದಕ್ಕಿಂತ, ಕಾದಂಬರಿಯನ್ನೇ ಚರಿತ್ರೆಯಾಗಿ ಓದಿದವರ ತಪ್ಪೆನ್ನುವುದು ನ್ಯಾಯ.

ಗೆದ್ದವನು ಏನನ್ನು ಕೊಂಡೊಯ್ದನೆಂಬುದು ಗೆಲ್ಲಲ್ಪಟ್ಟ ರಾಜ್ಯದ ಸಾರವೇನೆಂಬುದಕ್ಕೆ ಪ್ರಮಾಣ. ಹೈದರನು ನಾಯಕನನ್ನೂ ಅವನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಕಳುಹಿಸಿದನು. ಅವರೊಡನೆ ದುರ್ಗದ ಬೇಡರಲ್ಲಿ 20,000 ಮಂದಿಯನ್ನು ಎಬ್ಬಿಸಿಕೊಂಡು ಹೋಗಿ ಆ ದ್ವೀಪದಲ್ಲಿ ನೆಲಸಿಸಿದನೆಂದೂ, ಅವರ ಹುಡುಗರನ್ನು ಆಯ್ದು ಚೇಲಾ ಪಟಾಲಮುಗಳನ್ನು ಕಟ್ಟಿದನೆಂದೂ ವಿಲ್ಕ್ಸನು ಬರೆದಿದ್ದಾನೆ. ಮೌಲಬಲವನ್ನು ನೆಲದಿಂದ ಕಿತ್ತು ತನ್ನ ಭೃತಬಲವಾಗಿ ಮಾಡಿಕೊಂಡ ಈ ಕಾರ್ಯವು ಕ್ರೂರವಾದುದು, ಆದರೆ ದುರ್ಗದ ಬಲವು ಕಲ್ಲಿನಲ್ಲಿರಲಿಲ್ಲವೆಂಬುದನ್ನು ಬಲ್ಲವನ ಕಾರ್ಯ. ಕಲ್ಲಿನ ಕೋಟೆಯಾದರೋ ಇದ್ದಲ್ಲಿಯೇ ಇದ್ದು ಹೈದರನಿಗೂ ಟೀಪುವಿಗೂ ಸೇವೆ ಮಾಡಿತು. 1799ರ ತರುವಾಯ ಕೆಲವು ವರ್ಷ ಅದರಲ್ಲಿ ಇಂಗ್ಲಿಷರ ದಂಡು ಇತ್ತು. ಹವೆಯು ಒಗ್ಗುವುದಿಲ್ಲವೆಂದು ಅವರೂ ಬಿಟ್ಟುಹೋದರು.